ಎಲ್ಸವ್ವನ ಪಾಲಿನ ಹಿಡಿ ಹಿಟ್ಟು

ಗದಗಿನ ಕಡೆಯ ಒಂದು ಊರಿನಲ್ಲಿ ಮಿಶನ್ ಓಣಿ ಅಂತ ಒಂದು ಓಣಿ. ಇಪ್ಪತ್ತು ಕ್ರೈಸ್ತ ಮನೆಗಳು, ನಡುವೆ ಹೆಂಚು ಹೊದಿಸಿದ ಒಂದು ದೇವಾಲಯ. ಆ ಓಣಿಯ ಹೆಂಗಸರು ರೊಟ್ಟಿಗೆ ಹಿಟ್ಟು ನಾದುವ ಮೊದಲು ಒಂದು ಹಿಡಿ ಜೋಳದ ಹಿಟ್ಟನ್ನು ಬೇರೆ ಡಬ್ಬಿಗೆ ಹಾಕಿಡುತ್ತಿದ್ದರು. ಅದು ಕೈಲಾಗದವರ ಪಾಲು. ಶನಿವಾರ ಆ ಹಿಟ್ಟನ್ನೆಲ್ಲ ಕೂಡಿಸಿ ಒಬ್ಬಳು ಅಂಥವರ ಮನೆಗೆ ಒಯ್ಯಬೇಕು. ಹೊಸ್ತಿಲಲ್ಲಿ ನಿಂತು ಕೊಟ್ಟು ಬರುವಂತಿಲ್ಲ. ಅವರ ಒಲೆಯ ಮುಂದೆಯೇ ಕೂತು ರೊಟ್ಟಿ ಬಡಿಯಬೇಕು. ಕೊನೆಗೆ ಒಂದು ರೊಟ್ಟಿಯನ್ನು ಅವರ ಜೊತೆ ಕೂತು ತಾನೂ ತಿನ್ನಬೇಕು. ತಿನ್ನದೆ ಎದ್ದು ಬಂದರೆ ಕೊಟ್ಟದ್ದು ಕೊಟ್ಟಂತಲ್ಲ ಎಂದು ಹಿಂದಿನವರು ಹೇಳಿಟ್ಟಿದ್ದರು.

ಕೆಲವು ವರ್ಷಗಳಿಂದ ಅಂಥ ಮನೆ ಒಂದೇ ಉಳಿದಿತ್ತು, ಎಲ್ಸವ್ವನದು. ಎಂಬತ್ತು ದಾಟಿದ ಮುದುಕಿ. ಗಂಡ ಹೋಗಿ ಬಹಳ ವರ್ಷ, ಮಕ್ಕಳಿಲ್ಲ. ಶನಿವಾರದ ಕೆಲಸ ಸುವಾರ್ತಮ್ಮನದು. ಸುವಾರ್ತಮ್ಮ ಕನ್ನಡ ಶಾಲೆಯಲ್ಲಿ ಟೀಚರ್ ಆಗಿ ನಿವೃತ್ತಿಯಾದವಳು. ಒಳ್ಳೆಯವಳೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಯಾವ ಕೆಲಸವನ್ನಾದರೂ ಒಂದು ಸಲ ಸರಿಯಾಗಿ ಮುಗಿಸಿ ಕೈ ತೊಳೆದುಕೊಳ್ಳಬೇಕು ಅನ್ನುವ ಸ್ವಭಾವ.

ಆ ವರ್ಷ ಅವಳಿಗೊಂದು ವಿಚಾರ ಬಂತು. ಸರ್ಕಾರದಲ್ಲಿ ಇಷ್ಟೊಂದು ಯೋಜನೆಗಳಿರುವಾಗ ಈ ಹಿಡಿ ಹಿಟ್ಟಿನ ಗೋಜು ಯಾಕೆ? ಎರಡು ತಿಂಗಳು ಕಚೇರಿಯಿಂದ ಕಚೇರಿಗೆ ಅಲೆದಳು. ಎಲ್ಸವ್ವನಿಗೆ ರೇಷನ್ ಕಾರ್ಡು ಮಾಡಿಸಿದಳು, ಗ್ಯಾಸ್ ಸಿಲಿಂಡರ್ ತರಿಸಿದಳು. ಉಳಿದದ್ದು ಪಿಂಚಣಿ. ಅದರ ಅರ್ಜಿಯಲ್ಲಿ ಒಂದು ಸಾಲಿತ್ತು. ಅರ್ಜಿದಾರರನ್ನು ನೋಡಿಕೊಳ್ಳುವವರು ಯಾರು ಎಂದು ಕೇಳಿತ್ತು. ಸುವಾರ್ತಮ್ಮ ಅಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದಳು: ಯಾರೂ ಇಲ್ಲ.

"ಏನು ಬರದಿ ತಂಗಿ?" ಎಲ್ಸವ್ವ ಕೇಳಿದಳು. ಸುವಾರ್ತಮ್ಮನನ್ನು ಅವಳು ಕರೆಯುತ್ತಿದ್ದದ್ದೇ ತಂಗಿ ಅಂತ.

"ನಿನಗ ಯಾರೂ ಇಲ್ಲ ಅಂತ ಬರದೀನಿ ಯಕ್ಕಾ. ಹಂಗ ಬರದ್ರ ಲಗೂನ ಮಂಜೂರ ಆಗತೈತಿ."

ಮುದುಕಿ ಅವಳ ಮುಖವನ್ನೊಮ್ಮೆ ನೋಡಿದಳು. "ಹೂಂ, ಬರಿಯವ್ವ" ಅಂದು ಹೆಬ್ಬೆಟ್ಟು ಒತ್ತಿದಳು.

ಮಂಜೂರಾಯಿತು. ಸುವಾರ್ತಮ್ಮ ಮಹಿಳಾ ಸಂಘದ ಕೂಟದಲ್ಲಿ ಎದ್ದು ನಿಂತು, ಇನ್ನು ಮೇಲೆ ಯಾರೂ ಹಿಟ್ಟು ತೆಗೆದಿಡಬೇಕಾಗಿಲ್ಲ, ಎಲ್ಸವ್ವನಿಗೆ ತಿಂಗಳು ತಿಂಗಳು ಎಲ್ಲ ಬರುತ್ತದೆ ಎಂದು ಹೇಳಿದಳು. ಹೆಂಗಸರು ಚಪ್ಪಾಳೆ ತಟ್ಟಿದರು. ನಿಜ ಹೇಳಬೇಕೆಂದರೆ ಎಲ್ಲರಿಗೂ ಹಾಯೆನಿಸಿತ್ತು. ಡಬ್ಬಿ ತೊಳೆದು ಬೋರಲು ಹಾಕಿದರು.

ಸಭೆಯ ಪಾದ್ರಿ ಸಮಾಧಾನಪ್ಪನವರು ಮಾತ್ರ ಒಮ್ಮೆ ಕೇಳಿದರು. "ಸುವಾರ್ತಮ್ಮಾರ, ಎಲ್ಸವ್ವ ಹೆಂಗದಾಳ?"

"ಆಕಿಗೇನ್ರಿ ಅಯ್ಯನವರ, ಎಲ್ಲಾ ಮನಿ ಬಾಗಲಿಗೇ ಬರತೈತಿ."

"ಬರತೈತಿ, ಖರೆ. ನೀವು ಹೋಗಿದ್ರೇನು?"

ಸುವಾರ್ತಮ್ಮನಿಗೆ ಸಿಟ್ಟು ಬಂತು. ಎರಡು ತಿಂಗಳು ಬಿಸಿಲಲ್ಲಿ ಅಲೆದವಳು ತಾನು, ಇವರು ಹೀಗೆ ಕೇಳುವುದೇ? ಬರುವ ವಾರ ಹೋಗುತ್ತೇನೆ ಅಂದಳು. ಆ ಬರುವ ವಾರ ಮೂರು ತಿಂಗಳಾದರೂ ಬರಲಿಲ್ಲ.

ಒಂದು ಭಾನುವಾರ ದೇವಾಲಯದಲ್ಲಿ ಕಿಟಕಿಯ ಪಕ್ಕದ ಜಾಗ ಖಾಲಿ ಇತ್ತು. ಅದು ಎಲ್ಸವ್ವನ ಜಾಗ. ಕೋಲೂರಿಕೊಂಡಾದರೂ ಬಂದು ಕೂರುವವಳು. ಸುವಾರ್ತಮ್ಮ ನೋಡಿದಳು. ಪಕ್ಕದ ಮನೆಯವರು ವಿಚಾರಿಸಿರುತ್ತಾರೆ ಬಿಡು ಅಂದುಕೊಂಡಳು. ಪಕ್ಕದ ಮನೆಯವರೂ ಹಾಗೇ ಅಂದುಕೊಂಡರು, ಸುವಾರ್ತಮ್ಮ ಇದ್ದಾಳಲ್ಲ ಅಂತ.

ಮುಂದಿನ ಭಾನುವಾರವೂ ಆ ಜಾಗ ಖಾಲಿ.

ಆ ದಿನ ಬಡವರಿಗಾಗಿ ಪ್ರಾರ್ಥನೆ ಮಾಡುವ ಸರದಿ ಸುವಾರ್ತಮ್ಮನದು. ಮುಂದೆ ಬಂದು ನಿಂತು ಕಣ್ಣು ಮುಚ್ಚಿದಳು. "ಕರ್ತನೇ, ನೋಡಿಕೊಳ್ಳುವವರು ಯಾರೂ ಇಲ್ಲದವರನ್ನು..." ಅಂದಳು. ಈ ಮಾತನ್ನು ತಾನು ಎಲ್ಲೋ ಬರೆದಿದ್ದೇನೆ ಅನ್ನಿಸಿತು. ಎಲ್ಲಿ ಅನ್ನುವುದೂ ನೆನಪಾಯಿತು. ಕಣ್ಣು ಬಿಟ್ಟಳು. ಎದುರಿಗೆ ಕಿಟಕಿಯ ಪಕ್ಕದ ಬೆಂಚು.

"ಎಲ್ಸವ್ವನ್ನ ಯಾರರ ನೋಡೀರೇನು?" ಪ್ರಾರ್ಥನೆಯ ನಡುವೆಯೇ ಕೇಳಿದಳು.

ಒಬ್ಬರ ಮುಖ ಒಬ್ಬರು ನೋಡಿದರು. ಸುವಾರ್ತಮ್ಮ ಚಪ್ಪಲಿಯನ್ನೂ ಮೆಟ್ಟದೆ ಹೊರಗೆ ಓಡಿದಳು.

ಎಲ್ಸವ್ವನ ಮನೆ ಓಣಿಯ ಕೊನೆಯಲ್ಲಿ. ಬಾಗಿಲು ಒಳಗಿನಿಂದ ಚಿಲಕ ಹಾಕಿತ್ತು. "ಯಕ್ಕಾ, ಎಲ್ಸಕ್ಕಾ" ಎಂದು ಕೂಗಿ ಬಾಗಿಲು ಬಡಿದಳು. ಒಳಗಿನಿಂದ ಉತ್ತರವಿಲ್ಲ. ಕಿಟಕಿ ಮುಚ್ಚಿದೆ. ನಾನೇ ಕೊಂದೆನೇನೋ ದೇವರೇ ಅಂದುಕೊಂಡಳು. ಬಾಗಿಲಿಗೆ ಕಿವಿಯಿಟ್ಟಳು.

ಒಳಗೆ ಏನೋ ಸಣ್ಣ ಸದ್ದು. ಪಟ್. ಸ್ವಲ್ಪ ಹೊತ್ತು ಬಿಟ್ಟು, ಪಟ್ ಪಟ್. ರೊಟ್ಟಿ ಬಡಿಯುವಂಥ ಸದ್ದು. ಆದರೆ ಬಡಿಯುವ ಕೈಯಲ್ಲಿ ಬಲವಿಲ್ಲ.

ಸುವಾರ್ತಮ್ಮನಿಗೆ ಆಗ ಅರವತ್ತೊಂದು. ಹಿತ್ತಲಿನ ಗೋಡೆ ಎದೆಯೆತ್ತರ. ಹೇಗೆ ಹತ್ತಿದಳೋ, ಹೇಗೆ ಇಳಿದಳೋ, ಅವಳಿಗೇ ಗೊತ್ತಿಲ್ಲ. ಮೊಣಕಾಲು ತರಚಿ ರಕ್ತ ಬಂತು. ಹಿಂಬಾಗಿಲಿಗೆ ಭುಜ ಕೊಟ್ಟು ಒಮ್ಮೆ ನೂಕಿದಳು, ಎರಡು ಸಲ ನೂಕಿದಳು. ಮೂರನೆಯ ಸಲಕ್ಕೆ ಅಗುಳಿ ಕಿತ್ತು ಬಂತು.

ಎಲ್ಸವ್ವ ನೆಲದ ಮೇಲೆ ಬಿದ್ದಿದ್ದಳು. ಜ್ವರ ಬಂದು ಹತ್ತು ದಿನ ಮಲಗಿದ್ದವಳು, ಶುಕ್ರವಾರ ಗಂಜಿ ಮಾಡೋಣವೆಂದು ಎದ್ದು ರೇಷನ್ ಅಕ್ಕಿಯ ಚೀಲ ಎಳೆಯಲು ಹೋಗಿ ಜಾರಿದ್ದಳು. ಸೊಂಟದ ಎಲುಬು ಮುರಿದಿತ್ತು. ಕೈಗೆ ಎಟುಕಿದ ತಂಬಿಗೆಯ ನೀರಿನಲ್ಲಿ ಎರಡು ದಿನ ಜೀವ ಹಿಡಿದಿದ್ದಳು. ಕೂಗಲು ದನಿಯಿರಲಿಲ್ಲ. ಅಂಗೈಯಿಂದ ನೆಲ ಬಡಿಯುತ್ತ ಮಲಗಿದ್ದಳು. ಪಕ್ಕದಲ್ಲೇ ಆ ತಿಂಗಳ ಎರಡು ಚೀಲ ಅಕ್ಕಿ, ಹೊಲಿಗೆ ಬಿಚ್ಚಿರಲಿಲ್ಲ. ಮೂಲೆಯಲ್ಲಿ ಗ್ಯಾಸ್ ಸಿಲಿಂಡರ್, ಅದರ ಸೀಲು ಸಹ ಒಡೆದಿರಲಿಲ್ಲ. ಮುದುಕಿಗೆ ಗ್ಯಾಸ್ ಎಂದರೆ ಹೆದರಿಕೆ. ಹಚ್ಚುವುದು ಹೇಗೆ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಎಲ್ಲ ಬಂದಿತ್ತು ನೋಡಿ. ಅರ್ಜಿಯಲ್ಲಿ ಕೇಳಿದ್ದೆಲ್ಲವೂ ಬಂದಿತ್ತು.

"ಬಂದೀ ತಂಗಿ" ಅಂದಳು ಎಲ್ಸವ್ವ, ಕೇಳಿಸಿಯೂ ಕೇಳಿಸದಷ್ಟು ಸಣ್ಣ ದನಿಯಲ್ಲಿ. "ಇವತ್ತ ಶನಿವಾರೇನು?"

ಸುವಾರ್ತಮ್ಮ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗೊಳೋ ಎಂದು ಅತ್ತಳು.

ಅಷ್ಟರಲ್ಲಿ ಪಾದ್ರಿಯವರೂ ಸಭೆಯವರೂ ಬಂದರು. ಆಂಬುಲೆನ್ಸ್ ಬಂತು. ಆಸ್ಪತ್ರೆಯಲ್ಲಿ ಡಾಕ್ಟರು ನೋಡಿ, ಕೂಡಲೇ ಆಪರೇಶನ್ ಆಗಬೇಕು, ತಡವಾದರೆ ಜೀವಕ್ಕೆ ಅಪಾಯ ಅಂದರು. ನರ್ಸು ಕಾಗದ ಹಿಡಿದು ಬಂದಳು. ಸಭೆಯವರು ಮನೆಯಿಂದ ತಂದಿದ್ದ ಎಲ್ಸವ್ವನ ಪಿಂಚಣಿ ಕಾಗದ ನೋಡಿದಳು.

"ಇದರಾಗ ಯಾರೂ ಇಲ್ಲ ಅಂತ ಐತಲ್ರಿ. ಹಂಗಿದ್ರ ಅನಾಥರು ಅಂತ ಬರಕೋತೀವಿ. ಆಪರೇಶನ್ ಆದಮ್ಯಾಲ ಸರ್ಕಾರದ ವೃದ್ಧಾಶ್ರಮಕ್ಕ ಕಳಸ್ತಾರ. ನೀವೇನೂ ತ್ರಾಸ ತಗೋಬ್ಯಾಡ್ರಿ, ಎಲ್ಲಾ ಅವರ ನೋಡಕೋತಾರ. ಸಂಬಂಧಿಕರು ಅಂತ ನೀವು ಸಹಿ ಮಾಡಿದ್ರ ಮಾತ್ರ ಮುಂದ ಆಕಿ ಹೊಣಿ ನಿಮ್ಮದು. ಆಕಿ ಇನ್ನ ಎದ್ದ ಓಡ್ಯಾಡೂದು ಅಷ್ಟರಾಗ ಐತಿ."

ಸುವಾರ್ತಮ್ಮ ಪೆನ್ನು ಹಿಡಿದು ನಿಂತಳು. ಹಾಸಿಗೆ ಹಿಡಿದ ಮುದುಕಿ. ಉಣ್ಣಿಸಬೇಕು, ತೊಳೆಯಬೇಕು, ರಾತ್ರಿ ಎದ್ದು ಹೊರಳಿಸಬೇಕು. ಎಷ್ಟು ವರ್ಷವೋ ಯಾರಿಗೆ ಗೊತ್ತು. ತನಗೇ ಮಂಡಿನೋವು. ಹೋದ ಸಲ ಮಾಡಿದಂತೆ ಈಗಲೂ ಎರಡು ಅಕ್ಷರ ಬರೆದರೆ ಎಲ್ಲ ಸುಸೂತ್ರ. ಅದನ್ನು ತಪ್ಪೆನ್ನುವವರೂ ಯಾರೂ ಇರಲಿಲ್ಲ.

ಸ್ಟ್ರೆಚರಿನ ಮೇಲಿಂದ ಎಲ್ಸವ್ವ ಆ ಪೆನ್ನನ್ನೇ ನೋಡುತ್ತಿದ್ದಳು. ಬರೆಯಬೇಡ ಅನ್ನಲಿಲ್ಲ. ಹೋದ ಸಲವೂ ಅಂದಿರಲಿಲ್ಲ.

ಸುವಾರ್ತಮ್ಮ ಪಿಂಚಣಿ ಕಾಗದದ "ಯಾರೂ ಇಲ್ಲ" ಎಂಬುದರ ಮೇಲೆ ಗೆರೆ ಎಳೆದಳು. ಆಸ್ಪತ್ರೆಯ ಕಾಗದದಲ್ಲಿ ಸಂಬಂಧಿಕರು ಎಂಬಲ್ಲಿ ತನ್ನ ಹೆಸರು ಬರೆದಳು. ಸಂಬಂಧ ಏನೆಂದು ಕೇಳಿದ್ದ ಜಾಗದಲ್ಲಿ ಬರೆದಳು: ತಂಗಿ.

"ಏನು ಬರದಿ?" ಮುದುಕಿ ಕೇಳಿದಳು.

"ನೀನು ನಮ್ಮಾಕಿ ಅಂತ ಬರದೀನಿ ಯಕ್ಕಾ. ಮೊದಲ ಸುಳ್ಳ ಬರದಿದ್ದೆ, ತಿದ್ದೀನಿ."

ಎಲ್ಸವ್ವನ ಕಣ್ಣಿಂದ ನೀರು ಇಳಿದು ಕಿವಿಯ ಕಡೆ ಹೋಯಿತು. ಸುವಾರ್ತಮ್ಮ ಸೆರಗಿನಿಂದ ಒರೆಸಿದಳು.

ಮರುದಿನವೇ ಓಣಿಯಲ್ಲಿ ಬೋರಲು ಹಾಕಿದ್ದ ಡಬ್ಬಿಗಳು ಮತ್ತೆ ನೆಟ್ಟಗಾದವು. ಇಪ್ಪತ್ತು ಮನೆಯವರೂ ಹಿಟ್ಟು ತೆಗೆದಿಟ್ಟರು. ಎಲ್ಸವ್ವ ಮತ್ತೆ ನಾಲ್ಕು ವರ್ಷ ಬದುಕಿದಳು, ಸುವಾರ್ತಮ್ಮನ ಮನೆಯಲ್ಲೇ. ಶನಿವಾರ ಬಂದರೆ ಪಾದ್ರಿಯವರು ಸಹ ಬಂದು ಅವಳ ಮಂಚದ ಪಕ್ಕ ಕೂತು ಒಂದು ರೊಟ್ಟಿ ತಿಂದು ಹೋಗುತ್ತಿದ್ದರು.

ನೀತಿ, ಮಕ್ಕಳೇ, ಇಷ್ಟು: ಸರ್ಕಾರ ಅಕ್ಕಿ ಕಳಿಸಬಹುದು, ಆದರೆ ಒಬ್ಬರ ಪಕ್ಕ ಕೂತು ಉಣ್ಣಲು ಅದಕ್ಕೆ ಬಾಯಿಲ್ಲ, ಬಿದ್ದವರ ಸದ್ದು ಕೇಳಲು ಕಿವಿಯಿಲ್ಲ. ಹಸಿದವರನ್ನು ನೋಡಿಕೊಳ್ಳಿರೆಂದು ಕರ್ತನು ಹೇಳಿದ್ದು ಕಚೇರಿಗಲ್ಲ, ನನಗೆ ಮತ್ತು ನಿಮಗೆ. ಆ ಕೆಲಸವನ್ನು ಅರ್ಜಿ ಬರೆದು ಬೇರೆಯವರಿಗೆ ದಾಟಿಸಿದವನು ಬಡವನಿಗೆ ಅನ್ನ ಕೊಡಿಸಿರಬಹುದು, ಆದರೆ ಅವನಿಂದ ನೆರೆಯವನನ್ನು ಕಿತ್ತುಕೊಂಡಿರುತ್ತಾನೆ. ಆದ್ದರಿಂದ ಕೊಡುವುದು ಒಂದು ಹಿಡಿಯೇ ಆದರೂ ನಿಮ್ಮ ಕೈಯಿಂದಲೇ ಕೊಡಿ, ಕೊಟ್ಟಮೇಲೆ ಸ್ವಲ್ಪ ಹೊತ್ತು ಅಲ್ಲೇ ಕೂತಿರಿ.