ಹಸುವಿನ ಕಿವಿಗೆ ಚೌರಪ್ಪನವರ ಸಾಕ್ಷಿ

ನಮ್ಮೂರ ಚರ್ಚಿನವರು ಕ್ರಿಸ್‌ಮಸ್‌ಗೆ ಮನೆಮನೆಯಲ್ಲೂ ಗೋದಲಿ, ಅಂದರೆ ಬಾಲಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆ ಮಾದರಿ, ಕೈಯಾರೆ ಕಟ್ಟಿ ಪೈಪೋಟಿ ಮಾಡುತ್ತಾರೆ. ಒಂಬತ್ತು ವರ್ಷ ಬಹುಮಾನ ಚರ್ಚಿನ ಯಜಮಾನ ಚೌರಪ್ಪನವರಿಗೇ. ಈ ಸಲ ಇಡ್ಲಿ ಮಾರುವ ಲೂರ್ದಮ್ಮನಿಗೆ ಬಂತು. ಚೌರಪ್ಪನವರ ಹೊಟ್ಟೆ ಉರಿದುಹೋಯಿತು.

ಗಂಟೆ ಬಾರಿಸುವವನನ್ನು ಕರೆಸಿದರು.

"ಲೂರ್ದಮ್ಮ ಗೋದಲೀನ ಪೇಟೆಯಿಂದ ತಂದದ್ದು ಕಣ್ಣಾರೆ ನೋಡಿದೆ ಅಂತ ಫಾದರ್ ಮುಂದೆ ಸಾಕ್ಷಿ ಹೇಳು. ಇಲ್ಲಾಂದ್ರೆ ಗಂಟೆ ಬೇರೆಯವನು ಬಾರಿಸ್ತಾನೆ."

ಅವನು ತಲೆ ಕೆರೆದುಕೊಂಡ. "ಫಾದರ್ ಕೆದಕಿ ಕೇಳ್ತಾರೆ ಯಜಮಾನ್ರೇ. ಅದು ಅವಳ ಕೈಕೆಲಸ ಅಲ್ಲ ಅನ್ನೋಕೆ ಗುರುತೇನು?"

"ಗುರುತಾ?" ಚೌರಪ್ಪನವರ ದನಿ ಏರಿತು. "ಗೋದಲಿ ಸುತ್ತ ಬೆಳೆಸಿರೋ ಆ ರಾಗಿ ಪೈರು ನೋಡಿದೆಯಾ? ರೇಷ್ಮೆ ಹಾಸಿದ ಹಾಗಿದೆ! ಆ ಮಣ್ಣಿನ ಹಸು, ಮಗು ಅಳೋದನ್ನ ಕೇಳಿಸ್ಕೊಳ್ಳೋ ಹಾಗೆ ಒಂದು ಕಿವಿ ಎತ್ತಿದೆ! ಒಂಬತ್ತು ವರ್ಷ ಒದ್ದಾಡಿದರೂ ನನಗೆ ಅಂಥ ಕಿವಿ ಬರಲಿಲ್ಲ ಕಣೋ!"

ಭಾನುವಾರ ಪೂಜೆ ಮುಗಿಯಿತು. ಚೌರಪ್ಪನವರು ಅವನನ್ನು ಎಲ್ಲರೆದುರು ಮುಂದಕ್ಕೆ ತಳ್ಳಿದರು.

"ಫಾದರ್, ಲೂರ್ದಮ್ಮನ ಗೋದಲಿ ಬಗ್ಗೆ ಯಜಮಾನ್ರು ಹೇಳಿದ್ದಕ್ಕೆ ನಾನೇ ಸಾಕ್ಷಿ" ಎಂದ ಅವನು. "ಒಂಬತ್ತು ವರ್ಷ ಒದ್ದಾಡಿದರೂ ಅಂಥ ಹಸುವಿನ ಕಿವಿ ತಮ್ಮ ಕೈಯಲ್ಲಿ ಬರಲಿಲ್ಲವಂತೆ."

ಜನ ಚಪ್ಪಾಳೆ ತಟ್ಟಿದರು. "ಎಂಥ ದೊಡ್ಡ ಮನಸ್ಸು!" ಎಂದು ಫಾದರ್ ಚೌರಪ್ಪನವರ ಕೈ ಹಿಡಿದುಕೊಂಡರು. ಲೂರ್ದಮ್ಮ ಕಣ್ಣೊರೆಸಿಕೊಂಡು, "ಬಹುಮಾನಕ್ಕಿಂತ ಈ ಮಾತೇ ದೊಡ್ಡದು ಅಣ್ಣಾ" ಎಂದಳು. ಚೌರಪ್ಪನವರು ನಗಲೇಬೇಕಾಯಿತು.

ಹೊರಗೆ ಬಂದು ಹಲ್ಲು ಕಡಿದರು. "ನಾನು ಹೇಳಿಕೊಟ್ಟದ್ದೇನು, ನೀನು ಹೇಳಿದ್ದೇನೋ?"

"ನೀವು ಹೇಳಿಕೊಟ್ಟದ್ದರಲ್ಲಿ ನಿಜ ಅದೊಂದೇ ಇತ್ತು ಯಜಮಾನ್ರೇ" ಎಂದು ಅವನು ಗಂಟೆ ಬಾರಿಸಲು ಹೋದ.