ಸಾಹೇಬರ ದ್ವೀಪಯಾತ್ರೆ

ನಮ್ಮ ಬಂದರಿನಲ್ಲಿ ಬಿರುಗಾಳಿಯ ಎಚ್ಚರಿಕೆಯ ಬಾವುಟ ಏರಿತ್ತು. ಅಂದೇ ಬಂದಿಳಿದ ದೊಡ್ಡ ಸಾಹೇಬರು ದೋಣಿ ನಡೆಸುವ ಸುಕ್ರು ಹರಿಕಂತ್ರನನ್ನು ಗದರಿದರು: “ಗಾಳಿಗೆ ಹೆದರೋ ಆಳಲ್ಲ ನಾನು. ಈಗಲೇ ದ್ವೀಪಕ್ಕೆ ನಡಿ. ಇಲ್ಲಾಂದ್ರೆ ನಿನ್ನ ಲೈಸೆನ್ಸ್ ರದ್ದು!”

“ಆಯ್ತು ಸಾಹೇಬ್ರೆ,” ಎಂದ ಸುಕ್ರು. ಅವರನ್ನು ದೋಣಿಯ ಮುಂದುಗಡೆ ಕೂರಿಸಿದ. “ಕಡಲಿಗೆ ಕೈ ಮುಗಿದು ಕಣ್ಣು ಮುಚ್ಕೊಳ್ಳಿ. ನಾ ಹೇಳೂವರೆಗೆ ತೆಗೀಬೇಡಿ. ಇದು ನಮ್ಮ ಪದ್ಧತಿ.”

ಇಂಜಿನ್ ಗುಡುಗಿತು. ಅಲೆಗಳು ದೋಣಿಯನ್ನು ತೊಟ್ಟಿಲಿನಂತೆ ತೂಗಿದವು. ಸಾಹೇಬರ ಬೆಳಗಿನ ಉಪ್ಪಿಟ್ಟು ಕಡಲಪಾಲಾಯಿತು.

“ತಿರುಗಿಸೋ ಮಾರಾಯ! ದಡ ಸೇರಿಸು!” ಕಣ್ಣು ಮುಚ್ಚಿಕೊಂಡೇ ಗೋಗರೆದರು.

ಸುಕ್ರು ಇಂಜಿನ್ ನಿಲ್ಲಿಸಿ, ಕೈಹಿಡಿದು ಇಳಿಸಿದ. ಕಾಲಿಗೆ ನೆಲ ಸಿಕ್ಕಿದ್ದೇ ಸಾಹೇಬರ ಮೀಸೆ ಮತ್ತೆ ಮೇಲೆದ್ದಿತು.

“ಅರ್ಧ ದಾರಿಯಾದ್ರೂ ಹೋಗಿದ್ವಲ್ಲವೇನೋ?”

“ಎಲ್ಲಿ ಸಾಹೇಬ್ರೆ? ದೋಣಿಯ ಹಗ್ಗ ಬಿಚ್ಚೂಕೂ ನೀವು ಪುರಸೊತ್ತು ಕೊಡ್ಲಿಲ್ವಲ್ಲ!”