ಅಡಿವೆಪ್ಪ ಕಂಪ್ಯೂಟರಿನ ಬಾಯಿ ಬಿಡಿಸಿದ್ದು

ಹತ್ತಿರ ಸರಿದು ಕೂಡಿರಿ, ಇದು ದುಂಡವ್ವನ ಮಗ ಅಡಿವೆಪ್ಪನ ಸುದ್ದಿ. ಆಳೆತ್ತರ ಬೆಳೆದಿದ್ದ, ಓದು ಬರುತ್ತಿತ್ತು, ಹೇಳಿದ ಮಾತು ಮೀರುತ್ತಿರಲಿಲ್ಲ. ಅದೇ ತೊಂದರೆ. ಬಾಗಿಲು ನೋಡಿಕೋ ಅಂದರೆ ಬಾಗಿಲನ್ನೇ ನೋಡುತ್ತ ಕೂತಿರುತ್ತಿದ್ದ. ಒಳಗೆ ಯಾರು ಹೋದರು, ಯಾರು ಬಂದರು, ಅವನಿಗೆ ಸಂಬಂಧವಿಲ್ಲ. “ಇವನ್ನ ಕಟ್ಟಿಗೊಂಡು ಹ್ಯಾಂಗ ಬಾಳೇವು ಮಾಡ್ಲಿ” ಅಂತ ದುಂಡವ್ವ ಹಣೆ ಬಡಿದುಕೊಳ್ಳುತ್ತಿದ್ದಳು.

ಅವಳದು ಹೆದ್ದಾರಿ ಬದಿಯಲ್ಲಿ ಲಾರಿ ತೂಗುವ ವೇಬ್ರಿಜ್. ತೂಕ ತೋರಿಸುವ ಕಂಪ್ಯೂಟರ್ ದಿನಾ ಬಿಸಿಲೇರುತ್ತಲೇ ಸತ್ತು ಬೀಳುತ್ತಿತ್ತು. ಅದು ಸತ್ತರೆ ಲಾರಿಗಳೆಲ್ಲ ಎದುರಿನ ವೇಬ್ರಿಜ್ಜಿಗೆ. ಎದುರಿನದು ಅವಳ ತಮ್ಮ ಭರಮಪ್ಪನದು. ಅನುಮಾನಕ್ಕೆ ಇನ್ನೇನು ಬೇಕು? ಅವನು ಕೆಮ್ಮಿದರೂ ಇವಳಿಗೆ ಅದು ಯಾರಿಗೋ ಮಾಡಿದ ಸನ್ನೆ ಅನಿಸುತ್ತಿತ್ತು.

ಪೇಟೆಯ ರಿಪೇರಿ ಇಮಾಮಸಾಬ ಫೋನಿನಲ್ಲಿ ಅಡಿವೆಪ್ಪನಿಗೆ ಹೇಳಿದ: “ತಮ್ಮಾ, ಕಂಪ್ಯೂಟರಿನ ಒಳಗ ಕರ್ನೆಲ್ ಅಂತ ಇರತೈತಿ. ಎಲ್ಲಾ ನಡಸೋದು ಅದ. ಒಳಗ ಏನೇನ ನಡದೈತಿ ಅಂತ ಹೇಳಕೋತ ಇರತೈತಿ. ಎಷ್ಟು ಹೇಳಬೇಕು ಅನ್ನೋದಕ್ಕ ಒಂದು ಅಂಕಿ ಐತಿ. ಏರಿಸಿದರ ಎಲ್ಲಾ ಹೇಳತೈತಿ, ಇಳಿಸಿದರ ಸುಮ್ಮನಾಗತೈತಿ. ಏರಿಸು. ಅದು ಹೇಳಿದ್ದನ್ನ ಓದು, ಯಾಕ ಸಾಯತೈತಿ ಗೊತ್ತಾಗತೈತಿ.”

ಅಡಿವೆಪ್ಪ ಏರಿಸಿದ. ಪರದೆ ತುಂಬ ಸಾಲು ಸಾಲು ಅಕ್ಷರ ಹರಿಯಿತು. ಓದು ಅಂದಿದ್ದರಲ್ಲ, ಗಟ್ಟಿಯಾಗಿ ಓದಿದ. “ಕೀಬೋರ್ಡ್ ಸಿಕ್ಕಿತು. ಮೌಸ್ ಸಿಕ್ಕಿತು. ಫ್ಯಾನ್ ತಿರಗತೈತಿ. ಒಡಲು ಬಿಸಿಯಾಗಿ ಕಾಯತೈತಿ. ಮೌಸ್ ಸರೀತು.”

“ನನ್ನ ತೂಕ ಎಷ್ಟಪಾ?” ಅಂದ ಲಾರಿ ಡ್ರೈವರ್.

“ಅದು ಇನ್ನೂ ಹೇಳಿಲ್ಲ, ತಡಿ.”

ಡ್ರೈವರ್ ತಡೆಯಲಿಲ್ಲ. ಹಿಂದಿನ ಲಾರಿಗಳೂ ಭರಮಪ್ಪನ ಕಡೆ ತಿರುಗಿದವು. ದುಂಡವ್ವ ಓಡಿ ಬಂದಳು.

“ಯಾರಲೇ ಇದನ್ನ ಹೇಳಿಕೊಟ್ಟವರು? ನಿಮ್ಮ ಮಾವನಾ?”

“ಇಮಾಮಸಾಬರು.”

“ಅವರಿಗೆ ಹೇಳಿಕೊಟ್ಟವರು ಯಾರು?”

ಅಡಿವೆಪ್ಪ ಅದನ್ನು ಕೇಳಲು ಫೋನು ಎತ್ತಿಕೊಂಡ.

“ಸಣ್ಣಪುಟ್ಟದ್ದೆಲ್ಲಾ ಒದರಬ್ಯಾಡ. ಮೊದಲ ಅದರ ಬಾಯಿ ಮುಚ್ಚಸು.”

“ಆತವ್ವಾ.”

ಮರುದಿನ ಅಂಕಿ ಸೊನ್ನೆಗೆ ಇಳಿಸಿದ. ಕಂಪ್ಯೂಟರ್ ಚಕಾರವೆತ್ತದೆ ಸತ್ತಿತು. ಅಡಿವೆಪ್ಪನೂ ಚಕಾರವೆತ್ತದೆ ಪಕ್ಕದಲ್ಲಿ ಕೂತ. ಡ್ರೈವರ್ ತೂಕ ಕೇಳಿದರೆ ತುಟಿಯ ಮೇಲೆ ಬೆರಳಿಟ್ಟು ತೋರಿಸಿದ.

“ಸಾಯೋ ಮುಂದ ಏನಂತ ಹೇಳಿತು?” ಅಂದಳು ದುಂಡವ್ವ.

“ನೀನ ಅಂದಿದ್ದಿ, ಬಾಯಿ ಮುಚ್ಚಸು ಅಂತ.”

ಅವಳು ಮಗನನ್ನೇ ದಿಟ್ಟಿಸಿದಳು. ಭರಮಪ್ಪ ಇವನನ್ನೂ ಬುಟ್ಟಿಗೆ ಹಾಕಿಕೊಂಡನೋ ಏನೋ. “ನೀ ಯಾವ ಕಡೆಯವನಲೇ?”

ಅಡಿವೆಪ್ಪ ಹೊರಗೆ ಇಣುಕಿ ನೋಡಿ, “ರಸ್ತೆಯ ಈ ಕಡೆಯವ” ಅಂದ.

“ಕೇಳಿಲ್ಲಿ. ಸಾಯೋವಂಥಾ ಮಾತಿದ್ದರ ಅಷ್ಟ ಅದು ಹೇಳಲಿ. ಅದೂ ನನ್ನ ಕಿವಿಯಾಗ ಹೇಳಬೇಕು. ಮತ್ತೊಬ್ಬರಿಗೆ ಕೇಳಸಬಾರದು.”

“ಆತವ್ವಾ.” ಅಂಕಿಯನ್ನು ನಡುವಿಗೆ ತಂದಿಟ್ಟ.

ಮರುದಿನ ಭರಮಪ್ಪನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ಹೋಗದಿದ್ದರೆ ಜನ ಆಡಿಕೊಳ್ಳುತ್ತಾರೆ ಅಂತ ದುಂಡವ್ವ ಹೋಗಿ ಪಂಕ್ತಿಯಲ್ಲಿ ಕೂತಿದ್ದಳು. ಹೋಳಿಗೆ ಬಡಿಸಿದ್ದರು. ಅಷ್ಟರಲ್ಲಿ ಅಡಿವೆಪ್ಪ ಬಂದ. ಹೆಗಲ ಮೇಲೆ ಕಂಪ್ಯೂಟರ್, ಅದಕ್ಕೆ ಸುತ್ತಿದ, ಹೊದೆಯುವ ದಪ್ಪ ಕೌದಿ, ಹಿಂದೆ ನೆಲಕ್ಕೆ ಎಳೆಯುವ ವೈರು.

“ಯವ್ವಾ, ಇದು ಸಾಯಾಕ ಹತ್ತೈತಿ. ಏನೋ ಹೇಳಾಕತ್ತಿತ್ತು, ನಾ ಓದಲಿಲ್ಲ. ಕಿವಿ ಕೊಡು.” ಕಂಪ್ಯೂಟರನ್ನು ಅವಳ ಕಿವಿಗೆ ಹಿಡಿದ. ವೈರು ಕಿತ್ತ ಕಂಪ್ಯೂಟರ್ ಏನು ಹೇಳೀತು?

ಭರಮಪ್ಪ ಎದ್ದು ಬಂದು ಮುಟ್ಟಿದ, ಕೈ ಹಿಂತೆಗೆದುಕೊಂಡ. “ಹಂಚಿನಂಗ ಕಾದೈತಲ್ಲೋ. ಕೌದಿ ಯಾರು ಸುತ್ತಿದ್ರು? ಅದಕ್ಕ ಗಾಳಿ ಬ್ಯಾಡೇನು? ಸಾಯದ ಏನ ಮಾಡೀತು?”

“ಯವ್ವ ದಿನಾ ಮುಂಜಾನೆ ಸುತ್ತತಾಳ, ಮಾವಾ. ನಿನ್ನ ಕಣ್ಣು ತಾಗಬಾರದಂತ.”

ಪಂಕ್ತಿಯಲ್ಲಿ ಯಾರೋ ಕಿಸಕ್ಕೆಂದರು. ದುಂಡವ್ವ ಇಷ್ಟು ದಿನ ಹುಡುಕಿದ ಕಳ್ಳ ಅವಳ ಕೌದಿಯೇ. ಆದರೂ ಮಗನ ಮೇಲೆ ಹರಿಹಾಯ್ದಳು:

“ಕಾಯತೈತಿ ಅಂತ ಮೊದಲ ಯಾಕ ಹೇಳಲಿಲ್ಲ?”

“ಮೊದಲ ದಿನಾನ ಓದಿದ್ದೆ. ಸಣ್ಣಪುಟ್ಟದ್ದು ಬ್ಯಾಡ ಅಂದಿ.”

“ಎಲ್ಲಾ ಬಿಚ್ಚಿ ಹೇಳಬೇಕಲೇ. ಏನೊಂದೂ ಒಳಗ ಇಟಗೋಬಾರದು.”

“ಆತವ್ವಾ” ಅಂದ ಅಡಿವೆಪ್ಪ. ಕಂಪ್ಯೂಟರನ್ನು ಕೆಳಗಿಟ್ಟು, ಪಂಕ್ತಿಯ ನಡುವೆ ನಿಂತು ಗಂಟಲು ಸರಿಮಾಡಿಕೊಂಡ.

“ಭರಮಪ್ಪ ಮಾವ ಕಳ್ಳ ಅಂತ ಯವ್ವ ಅಂದಾಳ. ಅತ್ತಿ ಹೋಳಿಗ್ಯಾಗ ಏನ ಬೆರಸ್ಯಾಳೋ, ಅವರು ತಿಂದಮ್ಯಾಲ ತಿನ್ನು ಅಂತ ಯವ್ವ ನನಗ ಹೇಳ್ಯಾಳ. ಕೂಸಿಗೆ ಯವ್ವ ತಂದ ಅಂಗಿ ಹಳೇದು, ಇಸ್ತ್ರಿ ಹೊಡದದ್ದು.”

ತುತ್ತು ಎತ್ತಿದ ಕೈಗಳು ಹಾಗೇ ನಿಂತವು. ದುಂಡವ್ವ ಮಗನ ತೋಳು ಹಿಡಿದು ಜಗ್ಗಿದಳು. ಅವನು ಮೆಲ್ಲಗೆ ಬಿಡಿಸಿಕೊಂಡ.

“ತಡಿಯವ್ವಾ, ಇದು ಇವತ್ತಿಂದು ಅಷ್ಟ. ನಿನ್ನೇದು ಇನ್ನೂ ಐತಿ.”